ಕತ್ತರಿ ಮಾಮ

ಬಣ್ಣದ ಮೀನಿನ ಅಂಗಡಿಯ ಕತ್ತರಿ ಮಾಮನನ್ನು ನೆನೆದರೆ ಪಕ್ಕದಂಗಡಿಯ ಟೈಲರಮ್ಮನಿಗೆ ಈಗಲೂ ನಗು ಬರುತ್ತದೆ. ಮದುವೆಗೆ ಹೊರಟರೂ ಅವರ ಜೇಬಿನಲ್ಲಿ ಕತ್ತರಿ ಇರುತ್ತಿತ್ತು. ಗಿರಾಕಿಯ ಮನೆ ಹೊಕ್ಕವರೇ ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಕೈಯನ್ನು ಮೀನಿನ ತೊಟ್ಟಿಗೆ ಇಳಿಸಿಬಿಡುತ್ತಿದ್ದರು. ನೀರಗಿಡದಲ್ಲಿ ತೂತುಬಿದ್ದ ಎಲೆಯೋ ಹಳದಿ ಎಲೆಯೋ ಕಂಡರೆ ಸಾಕು, ಬುಡಕ್ಕೇ ಕತ್ತರಿ. “ಅಯ್ಯೋ ಪಾಪ ಅಂತ ಬಿಟ್ರೆ ನೀರೆಲ್ಲ ಕೆಡುತ್ತೆ!” ಎಂದು ಮನೆಯವರನ್ನೇ ಗದರುತ್ತಿದ್ದರು. ಅವರ ಸ್ವಂತ ತೊಟ್ಟಿಯಲ್ಲಿ ಮಾತ್ರ ಒಂದು ಹರಕು ಎಲೆ ಉಳಿದಿತ್ತು. ಅಂಗಡಿಯ ಮುದಿ ಮೀನು ಅದರ ಮೇಲೆ ಮೈಚೆಲ್ಲಿ ಮಲಗುತ್ತಿತ್ತು. ಮೀನು ಸತ್ತು ತಿಂಗಳಾದರೂ ಎಲೆ ಅಲ್ಲೇ ಇತ್ತು. “ಇನ್ನೂ ಯಾಕೆ ಬಿಟ್ಟಿದ್ದೀರಾ ಮಾಮ?” ಎಂದು ಟೈಲರಮ್ಮ ಕೇಳಿದರು. “ಕತ್ತರಿ ಮೊಂಡಾಗಿದೆ ಕಣಮ್ಮ,” ಎಂದು ಮಾಮ ಮುಖ ತಿರುಗಿಸಿದರು. ಅದೇ ಕತ್ತರಿಗೆ ಬೆಳಿಗ್ಗೆಯಷ್ಟೇ ಸಾಣೆ ಹಿಡಿದುಕೊಟ್ಟಿದ್ದ ಟೈಲರಮ್ಮ, “ಹೌದು ಮಾಮ,” ಎಂದರು.