ಎಂಬತ್ತು ಬಲದ ತೋಳು

ಆ ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಅಂತಲೇ ಕರೆಯುವುದು. ಮೂವತ್ತೊಂದು ವರ್ಷದಿಂದ ಕಟಿಂಗ್ ಮೇಜಿನ ಮುಂದೆ ನಿಂತವಳು. ಕೂತು ಮಾಡುವ ಕೆಲಸವಲ್ಲ ಅದು. ಪಾದ ಊದಿ ಊದಿ ಚಪ್ಪಲಿಯ ಅಳತೆ ಎರಡು ಸಲ ಬದಲಾಗಿದೆ. ಕೆಲಸ ಕಲಿಸಿದವಳು ಅತ್ತೆ. ಬಟ್ಟೆಯನ್ನು ಹೊರಮೈ ಒಳಗೆ ಹೋಗುವ ಹಾಗೆ ಎರಡಾಗಿ ಮಡಿಸಬೇಕು, ಮಡಿಕೆಯೊಳಗೆ ಅಂಗೈ ತೂರಿಸಿ ಮೇಲೂ ಕೆಳಗೂ ನುಣುಪು ಸಿಕ್ಕಿತೇ ನೋಡಬೇಕು, ಆಮೇಲೆ ಕತ್ತರಿ. ಹಾಗೆ ಮಾಡಿದರೆ ಬಲದ ತೋಳು, ಎಡದ ತೋಳು ಜೋಡಿಯಾಗಿ ಬರುತ್ತವೆ. ಅತ್ತೆ ಸತ್ತು ಹನ್ನೆರಡು ವರ್ಷವಾದರೂ ಅಂಗೈ ತೂರಿಸದೆ ಕತ್ತರಿ ಹಾಕಿದ ದಿನ ಒಂದೂ ಇರಲಿಲ್ಲ, ಹೊಸ ಮಾಸ್ಟರು ಬರುವ ತನಕ.

ಮಾಸ್ಟರು ಬಂದು ಮೂರು ತಿಂಗಳು. ಬಾಯಿ ತೆರೆದರೆ ಪ್ರೊಸೆಸ್ ಇಂಪ್ರೂವ್ ಆಗಬೇಕು, ಟಾರ್ಗೆಟ್ ಅಚೀವ್ ಆಗ್ತಿಲ್ಲ, ಫೋಕಸ್ ಮಾಡಿ, ಅಪ್‌ಡೇಟ್ ಮಾಡಿ. ಮೂರನೇ ಮಿಷನ್ನಿನಲ್ಲಿ ಹೊಲಿಯುವ ನಾದಿನಿ ಅವನಿಗೆ ಅಪ್‌ಡೇಟು ಅಂತಲೇ ಹೆಸರಿಟ್ಟಿದ್ದಳು. ಕತ್ತರಿಯಕ್ಕನಿಗೆ ಇಂಗ್ಲಿಷಿನ ಮೇಲೆ ಹಗೆಯೇನಿಲ್ಲ. ಕಾಲರ್, ಲೈನಿಂಗ್, ಪಾಕೆಟ್ ಅಂತ ಅವಳೂ ದಿನಕ್ಕೆ ನೂರು ಸಲ ಹೇಳುತ್ತಾಳೆ. ಕಾಲರ್ ಅಂದರೆ ಕೈಯಲ್ಲಿ ಕಾಲರ್ ಇರುತ್ತದೆ. ಇವನ ಮಾತು ಮುಗಿದ ಮೇಲೆ ಕೈಯಲ್ಲಿ ಏನೂ ಇರುವುದಿಲ್ಲ, ಮೈಯಲ್ಲಿ ಉರಿ ಮಾತ್ರ.

ಹೀಗಿರುವಾಗ ವಾದ್ಯದವರಿಗೆ ನಲವತ್ತು ಕೋಟು ಹೊಲಿಯುವ ಕೆಲಸ ಬಂತು. ಗಾಢ ಕೆಂಪು ಬಟ್ಟೆ. ಹೊರಮೈ ಹೊಳಪು, ಒಳಮೈ ಮಾಸಲು. ಅವಳು ಮಡಿಸಲು ಹೊರಟಾಗ ಮಾಸ್ಟರು ಬಂದು ತಡೆದ. ಮಡಿಸೋದು ಟೈಮ್ ವೇಸ್ಟ್, ಹೊಳಪು ಮೇಲೆ ಮಾಡಿ ಒಂದರ ಮೇಲೊಂದು ಹಾಸಿ ಕಟ್ ಮಾಡಿ ಅಂದ. ತೋಳಿನ ಗುರುತನ್ನೂ ತಾನೇ ಎಳೆದ, ಅಳತೆಯ ಒಂದೇ ರಟ್ಟನ್ನು ಒಂದೇ ಮಗ್ಗುಲಿಗಿಟ್ಟು. ಹೀಗೆ ಕತ್ತರಿಸಿದರೆ ಜೋಡಿ ಬರೋದಿಲ್ಲ ಅಂತ ಅವಳು ಎರಡು ಸಲ ಹೇಳಿದಳು. ನೆಗೆಟಿವ್ ಥಿಂಕ್ ಮಾಡಬೇಡಿ ಅಂತ ಅವನು ಎರಡು ಸಲ ಹೇಳಿದ. ಮಾಸ್ಟರು ಹೇಳಿದ ಹಾಗೆ ಕೇಳಿ ಅಂತ ಕಾರ್ಖಾನೆಯ ಯಜಮಾನರು ಮೊದಲೇ ಎಲ್ಲರಿಗೂ ತಾಕೀತು ಮಾಡಿದ್ದರು. ಅವಳ ಕೈ ಒಂದು ಗಳಿಗೆ ಬಟ್ಟೆಯ ಮೇಲೆ ಹಾಗೇ ನಿಂತಿತು. ಆಮೇಲೆ ಕತ್ತರಿಸಿದಳು.

ಮರುದಿನ ಬೆಳಿಗ್ಗೆ ನಾದಿನಿ ಮೊದಲನೇ ಕೋಟಿಗೆ ತೋಳು ಕೂಡಿಸಿದಳು. ಬಲಗಡೆಯದು ಹೂವಿನ ಹಾಗೆ ಕೂತಿತು. ಎಡಗಡೆಯದು ಹಿಂದಕ್ಕೆ ತಿರುಚಿಕೊಂಡಿತು. ಬಿಚ್ಚಿ ಇನ್ನೊಂದನ್ನು ಹಚ್ಚಿದಳು, ಅದೂ ಅಷ್ಟೇ. ಎಂಬತ್ತನ್ನೂ ಹರವಿ ನೋಡಿದರು. ಎಂಬತ್ತೂ ಬಲದ ತೋಳು.

"ಅತ್ತಿಗೆ, ಈ ವಾದ್ಯದವರಿಗೆ ಎಡಗೈ ಇಲ್ವಾ?" ಅಂದಳು ನಾದಿನಿ.

ಮಧ್ಯಾಹ್ನ ಯಜಮಾನರ ಕೋಣೆಗೆ ಕರೆ ಬಂತು. ಮೇಜಿನ ಮೇಲೆ ಮಾಸ್ಟರು ಬರೆದ ಒಂದು ಕಾಗದ. ಅವಳ ಓದು ಮೂರನೇ ಇಯತ್ತೆಗೇ ನಿಂತದ್ದು. ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಮ್ಯುನಿಕೇಶನ್ ಗ್ಯಾಪ್‌ನಿಂದ ಕಟಿಂಗ್ ಸೆಕ್ಷನ್ನಿನಲ್ಲಿ ಮಿಸ್ಟೇಕ್ ಆಗಿದ್ದು, ತೋಳುಗಳು ಡ್ಯಾಮೇಜ್ ಆಗಿರುತ್ತವೆ. ಕೆಳಗೆ ಅವಳ ಸಹಿಗೆ ಜಾಗ. ಕಟಿಂಗ್ ಸೆಕ್ಷನ್ ಅಂದರೆ ಅವಳೊಬ್ಬಳೇ. ಸಹಿ ಹಾಕಿದರೆ ನಾಳೆಯಿಂದ ಮೇಜು ಬೇರೆಯವರದು, ಅವಳು ಗುಂಡಿ ಹಚ್ಚುವ ಮೂಲೆಗೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ಫಾರ್ಮಾಲಿಟಿ ಅಷ್ಟೇ ಅಕ್ಕ, ಸೈನ್ ಮಾಡಿ," ಅಂದ ಮಾಸ್ಟರು.

ಅವಳು ಕಾಗದದ ಮೇಲಿನ ಬೆರಳು ತೆಗೆಯಲಿಲ್ಲ. "ಆಗಿದೆ, ಆಗಿದೆ ಅಂತ ಬರೆದಿದ್ದೀರಲ್ಲ ಮಾಸ್ಟ್ರೇ. ಮಳೆ ಬಂದ ಹಾಗೆ ತಾನಾಗೇ ಆಯ್ತಾ? ಮಾಡಿದೋರು ಯಾರೂ ಇಲ್ವಾ?"

ಇದನ್ನು ಇಶ್ಯೂ ಮಾಡಬೇಡಿ ಅಂತ ಮಾಸ್ಟರು. ಅಡ್ಜಸ್ಟ್ ಮಾಡಿಕೊಳ್ಳಮ್ಮ ಅಂತ ಯಜಮಾನರು. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ! ಫ್ಯಾನು ಕೆಟ್ಟಾಗ, ರಜೆ ಕೇಳಿದಾಗ, ಗಂಡ ಹೋದ ಹದಿಮೂರನೇ ದಿನ ಕೆಲಸಕ್ಕೆ ಬಾ ಅಂದಾಗ. ಯಾವಾಗಲೂ ಮಾಡಿಕೊಂಡವಳು ಅವಳೇ. ಮಾಡಿಕೋ ಅಂದವರು ಒಂದು ಸಲವೂ ಮಾಡಿಕೊಂಡದ್ದಿಲ್ಲ.

ಪೆನ್ನು ತೆಗೆದುಕೊಂಡಳು. ಮಾಸ್ಟರ ಮುಖ ಅರಳಿತು. ಅವಳು ಸಹಿಯ ಜಾಗ ಬಿಟ್ಟು, ಅದರ ಕೆಳಗೆ ಗುಂಡಗೆ, ನಿಧಾನವಾಗಿ, ಮೂರು ಸಾಲು ಬರೆದಳು. ಬಟ್ಟೆ ಮಡಿಸಬೇಡ ಅಂದವರು ಮಾಸ್ಟರು. ಎರಡು ಸಲ ಬೇಡ ಅಂದವಳು ನಾನು. ಆಮೇಲೆ ಹೆದರಿ ಕತ್ತರಿಸಿದವಳೂ ನಾನೇ.

ಕೊನೆಯ ಸಾಲನ್ನು ಪೆನ್ನು ಒತ್ತಿ ಬರೆದಳು. ಮಾಸ್ಟರ ಮೇಲಿದ್ದಷ್ಟೇ ಸಿಟ್ಟು ಅವಳಿಗೆ ಕತ್ತರಿಸಿದ ತನ್ನ ಕೈಯ ಮೇಲೂ ಇತ್ತು. ಅದಾದ ಮೇಲೆ ಸಹಿ ಹಾಕಿದಳು.

ಯಜಮಾನರು ಓದಿ ಮಾಸ್ಟರ ಕಡೆ ನೋಡಿದರು. ಮಾಸ್ಟರು ಗೋಡೆಯ ಕಡೆ ನೋಡಿದ. ಕಾಗದ ಡ್ರಾಯರಿಗೆ ಹೋಯಿತು. ನೀನು ಹೇಳಿದ್ದು ಸರಿ ಅಂತ ಯಾರೂ ಹೇಳಲಿಲ್ಲ. ಕ್ಷಮಿಸು ಅಂತಂತೂ ಇಲ್ಲವೇ ಇಲ್ಲ.

ನಾಲ್ಕನೇ ದಿನ ತೋಳಿಗೆ ಹೊಸ ಬಟ್ಟೆ ಬಂತು. ಬಣ್ಣ ಒಂದು ಎಳೆ ಬೇರೆ, ಹಾಗಾಗಿ ಎರಡೂ ತೋಳು ಹೊಸದಾಗಿಯೇ ಕತ್ತರಿಸಬೇಕಿತ್ತು. ಮೇಜು ಇನ್ನೂ ಅವಳದೇ ಇತ್ತು. ಮಾಸ್ಟರು ತನಗೇ ಈಗ ಹೊಳೆದವನ ಹಾಗೆ ಬಂದು, ಫೋಲ್ಡ್ ಮಾಡಿ ಕಟ್ ಮಾಡಿ ಅಂದ. ಅವಳು ಬಟ್ಟೆ ಮಡಿಸಿದಳು, ಅಂಗೈ ತೂರಿಸಿ ನೋಡಿದಳು. ಕತ್ತರಿಯನ್ನು ಮಾತ್ರ ಎತ್ತಲಿಲ್ಲ.

"ಬರೆದುಕೊಡಿ."

"ಏನನ್ನ?"

"ಈಗ ಹೇಳಿದ್ರಲ್ಲ, ಅದನ್ನ. ಕೆಳಗೆ ನಿಮ್ಮ ಹೆಸರು."

ಮಿಷನ್ನುಗಳೆಲ್ಲ ಒಂದೊಂದಾಗಿ ನಿಂತವು. ನಾದಿನಿ ಬಾಯಲ್ಲಿದ್ದ ದಾರವನ್ನು ಹಾಗೇ ಕಚ್ಚಿಕೊಂಡಿದ್ದಳು. ಮಾಸ್ಟರು ಸುತ್ತ ನೋಡಿ, ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ರಟ್ಟಿನ ಮೇಲೆ ಬರೆದ. ಹೆಸರನ್ನು ಸಣ್ಣದಾಗಿ ಬರೆದ. ಅವಳು ಬೆರಳಿಟ್ಟು ಅಕ್ಷರ ಕೂಡಿಸಿ ಓದಿ ಮುಗಿಸುವವರೆಗೂ ಅವನು ನಿಂತೇ ಇರಬೇಕಾಯಿತು.

ಆಮೇಲೆ ಕತ್ತರಿ ಎತ್ತಿದಳು.