ಆಯಿಯ ನಾಕು ಕಪ್ಪು ನೀರು

ಕಪ್ಪಿನ ಮ್ಯಾಲ ಬಸಿ ಮುಚ್ಚಿದ ಸಪ್ಪಳ ಕೇಳಿದ್ರ ಸಾಕು, ಶಹಾಪುರದ ಆ ಮನಿ ಕಣ್ಣಮುಂದ ಬರ್ತದ. ರಸ್ತಾ ಅಗಲ ಮಾಡುಮುಂದ ಅದು ಹೋಗಿ ಎಷ್ಟೋ ವರ್ಷಾತು. ಈಗ ಯಾದಗಿರಿಯ ಬಾಡಿಗಿ ಮನ್ಯಾಗ ನಾನು, ನಮ್ಮವ್ವ ಇಬ್ಬರೇ. ಆದ್ರ ತಂಪು ಫರಸಿ ಮ್ಯಾಲ ಕಾಲು ಚಾಚಿ ಕೂತ ಆಯಿ, ಅಂದ್ರ ನಮ್ಮಪ್ಪನ ಅವ್ವ, ಎಲ್ಲೂ ಹೋಗಿಲ್ಲ ನೋಡ್ರಿ. ಮನಿಗೆ ಬಂದವರಿಗೆ ಮೊದಲು ತಂಬಿಗಿ ತುಂಬ ನೀರು ಕೊಟ್ಟು, ಆಮ್ಯಾಲ ಮಾತಾಡ್ಸಾಕಿ ಆಕಿ. ಅಂಥಾಕಿಗೇ ನೀರಿನ ಬರ ಬಂತು.

ಕಿಡ್ನಿ ಕೆಟ್ಟಿತ್ತು. ದಿನಕ್ಕ ಒಂದು ಲೀಟರ್ ಮ್ಯಾಲ ನೀರು ಕೊಡಬ್ಯಾಡ್ರಿ ಅಂದ್ರು ಡಾಕ್ಟರ್. ಹಾಲು, ಎಣ್ಣಿ ಎಲ್ಲಾ ಪಾವು-ಸೇರಿನಾಗ ಅಳೆಯೋ ಮನಿ ನಮ್ದು. ಲೀಟರ್ ಯಾರಿಗೆ ತಿಳೀತದ? ಅಪ್ಪ ಯಾವುದೋ ಕಸ್ಟರ್ಡ್ ಪುಡಿ ಡಬ್ಬಿ ಹಿಂದ ಓದಿದ್ದ. "ಲೀಟರ್ ಅಂದ್ರ ನಾಕು ಕಪ್ಪು" ಅಂದ. ಅವ್ವ ಚಾ ಕಪ್ಪು ತೊಗೊಂಡ್ಲು. ಮುಂಜಾನಿ ನಾಕು ಕಪ್ಪು ನೀರು ತುಂಬಿ, ಬಸಿ ಮುಚ್ಚಿ, ಗೂಡಿನ್ಯಾಗ ಸಾಲಾಗಿ ಇಡ್ತಿದ್ಲು. ಬ್ಯಾಸಿಗಿ ಮಧ್ಯಾಹ್ನ ಆಯಿ ಒಣಗಿದ ತುಟಿ ಸವರಿಕೋತ, "ನೀರಡಿಸೇದ, ಒಂದು ಗುಟುಕು ಹಾಕವ್ವ, ನಿನ್ನ ಕಾಲಿಗೆ ಬೀಳ್ತೀನಿ" ಅಂತಿದ್ಲು. ಅತ್ತಿ ಸೊಸಿ ಕಾಲಿಗೆ ಬೀಳೋದಂದ್ರೇನ್ರಿ! "ನಿಮ್ಮ ಜೀವಕ್ಕಂತ ಹೇಳಾಕತ್ತೇನ್ರಿ ಅತ್ತಿ" ಅಂತ ಅವ್ವ ಸೆರಗಿಲೆ ಕಣ್ಣು ಒರಸ್ಕೊಳ್ತಿದ್ಲು. ನಾಕರ ಮ್ಯಾಲ ಒಂದು ಹನಿ ಕೊಡ್ತಿರಲಿಲ್ಲ. ಆಯಿ ಆ ಬ್ಯಾಸಿಗಿ ದಾಟಲಿಲ್ಲ.

ಈಗ ಅವ್ವಗೂ ಅದೇ ಜಡ್ಡು, ಅದೇ ಒಂದು ಲೀಟರ್. ಮೊನ್ನೆ ಮಿಲಿಲೀಟರ್ ಗೆರಿ ಇದ್ದ ಅಳತಿ ಕಪ್ಪು ತಂದೆ. ಇನ್ನೂರೈವತ್ತರ ಗೆರಿತನಕ ನೀರು ಹಿಡಿದು, ಹಳೇ ಮನಿಯಿಂದ ಬಂದ ಚಾ ಕಪ್ಪಿಗೆ ಸುರುವಿದೆ. ಚಾ ಕಪ್ಪು ತುಂಬಿದ್ರೂ ಅರ್ಧ ನೀರು ಅಳತಿ ಕಪ್ಪಿನ್ಯಾಗೇ ಉಳೀತು. ಇನ್ನೊಂದು ಕಪ್ಪು ಇಟ್ಟೆ, ಮತ್ತೊಂದು ಇಟ್ಟೆ. ಲೀಟರ್ ಮುಗಿಯೋದ್ರಾಗ ಎಂಟು ಕಪ್ಪು ಸಾಲಾಗಿ ನಿಂತಿದ್ವು. ಅಯ್ಯೋ ಶಿವನೇ! ಡಬ್ಬಿ ಮ್ಯಾಲಿನ ಕಪ್ಪು ಬ್ಯಾರೆ, ನಮ್ಮ ಚಾ ಕಪ್ಪು ಬ್ಯಾರೆ. ಕುಡಿಯಬಹುದಿದ್ದ ನೀರಿನಾಗ ಅರ್ಧ ಅಷ್ಟೇ ಕುಡಿದು ಹೋದ್ಲು ನಮ್ಮ ಆಯಿ.

ಅವ್ವ ಬಾಗಲದಾಗ ನಿಂತಿದ್ಲು. "ಎಂಟ್ಯಾಕ? ನಿಮ್ಮ ಆಯಿಗೆ ನಾಕೇ ಇಡ್ತಿದ್ದೆ ನಾ."

"ಈಗಿನ ಔಷಧ ಬ್ಯಾರೆ ಅವ್ವ" ಅಂದೆ. ಸುಳ್ಳು ದಕ್ಕೋ ಮಾರಿ ಅಲ್ಲ ನಂದು. ಆಕಿ ಅಳತಿ ಕಪ್ಪು ನೋಡಿದ್ಲು, ನನ್ನ ನೋಡಿದ್ಲು, ಗ್ವಾಡಿ ಹಿಡಕೊಂಡು ಕೂತಬಿಟ್ಲು.

ಅವತ್ತಿನಿಂದ ದಿನಾ ಎಂಟು ತುಂಬಿಡ್ತೀನಿ. ಬೈದು ನೋಡಿದೆ, ಕೈ ಮುಗದು ನೋಡಿದೆ, ಸಾಕಾಗೇದ ನನಗ. ಅವ್ವ ನಾಕೇ ಕುಡೀತಾಳ. ಉಳದ ನಾಕರ ಮ್ಯಾಲ ಒಂದೊಂದೇ ಬಸಿ ಮುಚ್ಚಿ, ನನ್ನ ಕಡಿ ಸರಸ್ತಾಳ.

"ಇವು ನಿಮ್ಮ ಆಯಿವು."