ಟ್ರ್ಯಾಕ್ಟರ್ ಸ್ಟಾರ್ಟ್ ಆಗುವಷ್ಟು ಉದ್ದದ ಕಥೆ

ಕೃಷಿ ಯಂತ್ರಗಳ ಬೋಧನೆಯ ಕ್ಷೇತ್ರದಲ್ಲಿ ಹೊಸ ಯಂತ್ರಗಳನ್ನು ಓಡಿಸಲು ಕಲಿಸಿದ ಮಹನೀಯರು ಅನೇಕರಿದ್ದಾರೆ. ಹಳೆಯ ಯಂತ್ರಗಳನ್ನು ಬಿಚ್ಚಿ, ಮತ್ತೆ ಜೋಡಿಸಿ, ಒಂದೆರಡು ಬೋಲ್ಟುಗಳನ್ನು ಕೈಯಲ್ಲೇ ಉಳಿಸಿಕೊಂಡವರೂ ಇದ್ದಾರೆ. ಆದರೆ ಕೊರೆಯುವ ಚಳಿಯ ಬೆಳಗಿನಲ್ಲಿ ಮುನಿಸಿಕೊಂಡ ಹಿರಿಯರಂತೆ ಗತ್ತಿನಿಂದ ನಿಂತಿರುವ ಹಳೆಯ ಡೀಸೆಲ್ ಟ್ರ್ಯಾಕ್ಟರನ್ನು ಬೈಯದೆ, ಒದೆಯದೆ, ತಳ್ಳಲು ದಾರಿಹೋಕರನ್ನು ಕರೆಯದೆ, ಬರೀ ಮಾತಿನಿಂದಲೇ ಎಬ್ಬಿಸುವ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ನಾನು ಕಂಡಂತೆ ಒಬ್ಬರೇ. ಅವರೇ ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾಗಿರುವ, ನಮ್ಮ ತರಬೇತಿ ಕೇಂದ್ರದ ಯಂತ್ರಶಾಲೆಯಿಂದ ಈಚೆಗೆ ನಿವೃತ್ತರಾದ, ವಿದ್ಯಾರ್ಥಿಗಳೆಲ್ಲರ ಬಾಯಲ್ಲಿ ‘ಹೀಟರ್ ಮೇಷ್ಟ್ರು’ ಎಂದೇ ಹೆಸರಾದ ನನ್ನ ಗುರುಗಳು.

ಮೇಷ್ಟ್ರು ಈ ಕೇಂದ್ರಕ್ಕೆ ಬಂದದ್ದು ಉಗ್ರಾಣದ ಬೀಗದ ಕೈ ಕಾಯುವ ಕೆಲಸಕ್ಕೆ. ಅಲ್ಲಿಂದ ಮೆಕ್ಯಾನಿಕ್ ಆದರು, ಮುಂದೆ ಬೋಧಕರಾದರು. ಬೋಧಕರ ಹುದ್ದೆಗೆ ಬಡ್ತಿಯ ಆದೇಶ ಬಂದಾಗ ಅವರು ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದರಂತೆ. “ಸೀಟಿನ ಮೇಲಿಟ್ಟಿರಿ, ಬಂದೆ” ಎಂದರಂತೆ. ಅವರು ಹೊರಬರುವಷ್ಟರಲ್ಲಿ ಆದೇಶದ ಮೇಲೆ ಇನ್ಯಾರೋ ಕುಳಿತು ಎದ್ದಿದ್ದರಿಂದ, ಗ್ರೀಸು ಕುಡಿದ ಆ ಹಾಳೆ ಕಚೇರಿಯ ಫೈಲಿನಲ್ಲಿ ಇಂದಿಗೂ ಗಾಜಿನಂತೆ ಆಚೆ ಬದಿ ತೋರಿಸುತ್ತ ಕೂತಿದೆ.

ಇನ್ನು ಆ ಟ್ರ್ಯಾಕ್ಟರಿನ ವಿಷಯ. ಹಳೆಯ ಡೀಸೆಲ್ ಎಂಜಿನ್ನಿಗೆ ಚಳಿಯಲ್ಲಿ ಮೊದಲು ಒಳಗಡೆ ಬಿಸಿ ಬೇಕು. ಅದಕ್ಕೆಂದೇ ಹೀಟರ್ ಪ್ಲಗ್ ಇದೆ. ಚಾವಿಯನ್ನು ಅರ್ಧಕ್ಕೆ ತಿರುಗಿಸಿ ಹಿಡಿದುಕೊಂಡರೆ ಅದು ಕಾಯುತ್ತದೆ, ಕಾದ ಮೇಲೆ ಚಾವಿಯನ್ನು ಪೂರ್ತಿ ತಿರುಗಿಸಬೇಕು. ಕಾದಿದೆಯೋ ಇಲ್ಲವೋ ಎಂದು ತಿಳಿಸಲು ಸ್ಟಿಯರಿಂಗಿನ ಮುಂದೆ ಒಂದು ಸಣ್ಣ ತಂತಿ ಕೆಂಪಗಾಗಬೇಕು. ನಮ್ಮ ಟ್ರ್ಯಾಕ್ಟರಿನ ತಂತಿ ನಾವೆಲ್ಲ ಹುಟ್ಟುವ ಮೊದಲೇ ಸುಟ್ಟುಹೋಗಿತ್ತು. ಹೀಗಾಗಿ ಅವಸರದವರು ಬೇಗ ತಿರುಗಿಸುತ್ತಿದ್ದರು, ಎಂಜಿನ್ ಬಿಳಿ ಹೊಗೆ ಉಗುಳಿ ಕೆಮ್ಮಿ ಸುಮ್ಮನಾಗುತ್ತಿತ್ತು, ಬ್ಯಾಟರಿ ಸೊರಗುತ್ತಿತ್ತು, ಅಲ್ಲಿಗೆ ಆ ದಿನದ ಪಾಠ ಮುಗಿಯುತ್ತಿತ್ತು.

“ಎಣಿಸಿದ್ರೆ ಆಗಲ್ವಾ ಮೇಷ್ಟ್ರೇ?” ಎಂದು ಮೊದಲ ವಾರವೇ ನಾನು ಕೇಳಿದ್ದೆ.

“ಚಳೀಲಿ ನಡುಗ್ತಾ ಎಣಿಸಿದ್ರೆ ಅಂಕಿನೂ ನಡುಗ್ತಾ ಓಡುತ್ತಮ್ಮ. ಬೇರೆಯವರ ಮನೆ ಜಗಳ ಹೇಳೋವಾಗ ಮಾತ್ರ ಯಾರೂ ಅವಸರ ಮಾಡಲ್ಲ, ನೋಡು.”

ಹೀಗೆ ಹುಟ್ಟಿದ್ದು ಮೇಷ್ಟ್ರ ಸುಪ್ರಸಿದ್ಧ ಬೋಧನಾ ಕ್ರಮ. ಚಾವಿ ಅರ್ಧಕ್ಕೆ ಬಂದೊಡನೆ ಅವರು ತಮ್ಮ ಇಬ್ಬರು ಸೋದರತ್ತೆಯರ ಕಥೆ ಶುರು ಮಾಡುತ್ತಿದ್ದರು. ದೊಡ್ಡತ್ತೆಯ ಕೊಡೆಯನ್ನು ಚಿಕ್ಕತ್ತೆ ಇಸ್ಕೊಂಡು ಹೋಗಿ ವಾಪಸು ಕೊಡಲಿಲ್ಲ. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಕೊನೆಗೊಂದು ದಿನ ದೊಡ್ಡತ್ತೆ ಮನಸ್ಸು ಗಟ್ಟಿಮಾಡಿ, ಹೊಸ ಚಪ್ಪಲಿ ಮೆಟ್ಟಿ, ತಂಗಿಯ ಮನೆಗೆ ಬಸ್ಸು ಹತ್ತಿದಳು. ಇಳಿಯುವ ನೂಕುನುಗ್ಗಲಿನಲ್ಲಿ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿಯಿತು, ಬಸ್ಸು ಹೋಯಿತು. ಒಂದೇ ಚಪ್ಪಲಿಯಲ್ಲಿ ಬೀದಿಯುದ್ದಕ್ಕೂ ಕುಂಟಿಕೊಂಡು, ನೋಡಿದವರನ್ನೆಲ್ಲ ದುರುಗುಟ್ಟಿಕೊಂಡು ಹೋಗಿ ಬಾಗಿಲು ಬಡಿದಳು. ಚಿಕ್ಕತ್ತೆ ಬಾಗಿಲು ತೆಗೆದಳು, ಅಕ್ಕನ ಮುಖ ನೋಡಿದಳು, ಕಾಲು ನೋಡಿದಳು, ನೋಡಿ ಅಂದಳು — ಇಲ್ಲಿಗೆ ಚಾವಿ ತಿರುಗಿಸಬೇಕು. ಎಂಜಿನ್ ಧಡಧಡಿಸಿ ಏಳುತ್ತಿತ್ತು. ಚಿಕ್ಕತ್ತೆ ಏನಂದಳು ಎಂಬುದು ಯಾವ ತಂಡದ ವಿದ್ಯಾರ್ಥಿಗೂ ಕೇಳಿಸಿದ್ದಿಲ್ಲ.

ಈ ಕಥೆಯಲ್ಲಿ ಅವರು ನನಗೆ ತೋರಿದ ಒಂದು ದಯೆಯನ್ನು ದಾಖಲಿಸದಿದ್ದರೆ ನಾನು ಕೃತಘ್ನಳಾದೇನು. ಇಬ್ಬರು ಮಕ್ಕಳಿಗೆ ಉಣ್ಣಿಸಿ, ಉಡಿಸಿ, ಕಳೆದುಹೋದ ಒಂದು ಕಾಲುಚೀಲವನ್ನು ಹುಡುಕಿ, ಅವರನ್ನು ಶಾಲೆಗೆ ಬಿಟ್ಟು ನಾನು ಓಡುತ್ತ ಬರುವಾಗ ತರಗತಿ ಆಗಲೇ ಶುರುವಾಗಿರುತ್ತಿತ್ತು. ಗೇಟಿನಲ್ಲಿ ನನ್ನನ್ನು ಕಂಡೊಡನೆ ಮೇಷ್ಟ್ರು, ದೊಡ್ಡತ್ತೆಗೆ ಮೊದಲ ಬಸ್ಸು ತಪ್ಪಿಸಿಬಿಡುತ್ತಿದ್ದರು. ನಾನು ಏದುಸಿರು ಬಿಡುತ್ತ ಬಂದು ನಿಲ್ಲುವವರೆಗೂ ಅತ್ತೆ ನಿಲ್ದಾಣದಲ್ಲಿ ಕಾಯುತ್ತಿದ್ದಳು. ತಡವಾಯಿತೆಂದು ಒಂದು ದಿನವೂ ಅನ್ನಿಸಿಕೊಳ್ಳಲಿಲ್ಲ. ಅವರ ಬಳಿಯಿದ್ದದ್ದು ಒಂದೇ ಜೊತೆ ಉಣ್ಣೆಯ ಕೈಗವಸು. ಅದರಲ್ಲಿ ಬಲಗೈಯದನ್ನು ಚಾವಿ ಹಿಡಿಯುವವರಿಗೆ ಕೊಟ್ಟು, ಎಡಗೈಯದನ್ನಷ್ಟೇ ತಾವು ಹಾಕಿಕೊಂಡು ನಿಲ್ಲುತ್ತಿದ್ದರು.

ಅಷ್ಟರಲ್ಲಿ ಕೇಂದ್ರಕ್ಕೆ ಹೊಸ ಪ್ರಾಂಶುಪಾಲರು ಬಂದರು. ಶಿಸ್ತಿನ ಮನುಷ್ಯರು, ಒಳ್ಳೆಯವರು, ಈ ಸಂಪುಟಕ್ಕೆ ಮುನ್ನುಡಿಯನ್ನೂ ಅವರೇ ಬರೆದಿದ್ದಾರೆ. ಆದ್ದರಿಂದ ಮುಂದಿನದನ್ನು ಅವರು ನಗುತ್ತಲೇ ಓದುವರೆಂದು ನಂಬಿದ್ದೇನೆ. ಯಂತ್ರಶಾಲೆಯ ಮುಂದೆ ಹಾದುಹೋಗುವಾಗ ಅವರ ಕಿವಿಗೆ ಬಿದ್ದದ್ದು ಚಪ್ಪಲಿ, ಕೊಡೆ, ಅತ್ತೆ. ಮರುದಿನವೇ ಗೋಡೆಯ ಮೇಲೆ ಒಂದು ಗಡಿಯಾರವೂ ಅದರ ಕೆಳಗೆ ‘ಮಾತು ನಿಷಿದ್ಧ’ ಎಂಬ ಫಲಕವೂ ಬಂದವು. ಮೇಷ್ಟ್ರು ಫಲಕವನ್ನು ಓದಿದರು, “ಅಕ್ಷರ ಚೆನ್ನಾಗಿದೆ” ಎಂದರು.

ಫಲಕದ ನೆರಳಿನಲ್ಲೇ ನಮ್ಮ ಅಂತಿಮ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರ ಎದುರು, ಯಾರ ನೆರವೂ ಇಲ್ಲದೆ, ಮೂರು ಪ್ರಯತ್ನಗಳೊಳಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಒಂದು ಸುತ್ತು ಓಡಿಸಬೇಕು. ಪ್ರಮಾಣಪತ್ರ ತಂದರೆ ಮಾತ್ರ ಬಾಡಿಗೆ ಯಂತ್ರಗಳ ಕೇಂದ್ರದಲ್ಲಿ ನನಗೆ ಚಾಲಕಿಯ ಕೆಲಸ; ತರದಿದ್ದರೆ ಆ ಜಾಗಕ್ಕೆ ಬೇರೆಯವರು ಆಗಲೇ ಕಾದಿದ್ದರು. ಮಕ್ಕಳ ಹೊಣೆ ನನ್ನೊಬ್ಬಳದು. ಇನ್ನೊಂದು ವರ್ಷ ಕಲಿಯುತ್ತ ಕೂರುವ ಸ್ಥಿತಿ ನನ್ನದಾಗಿರಲಿಲ್ಲ.

ಆ ವರ್ಷದ ಅತ್ಯಂತ ಚಳಿಯ ಬೆಳಗು ಅದೇ ಇರಬೇಕು. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಇಬ್ಬನಿ ಉಪ್ಪಿನಂತೆ ಹೆಪ್ಪುಗಟ್ಟಿತ್ತು. ಎಲ್ಲವೂ ಸುಸೂತ್ರವಾಗಿರಲಿ ಎಂಬ ಸದುದ್ದೇಶದಿಂದ ಪ್ರಾಂಶುಪಾಲರು ನಮಗಿಂತ ಮೊದಲೇ ಬಂದು, ತಾವೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಲು ಹೋಗಿ, ಬ್ಯಾಟರಿಯ ಅರ್ಧ ಜೀವ ತೆಗೆದಿದ್ದರು. ಮೊದಲ ಸರದಿ ನನ್ನದು.

ಫಲಕಕ್ಕೆ ಹೆದರಿ ಬಾಯಿ ಮುಚ್ಚಿ ಗಡಿಯಾರ ನೋಡಿದೆ. ಅದರ ಗಾಜಿನ ಮೇಲೂ ಮಂಜು ಕೂತಿತ್ತು. ಮನಸ್ಸಿನಲ್ಲೇ ಎಣಿಸಿ ತಿರುಗಿಸಿದೆ. ಎಂಜಿನ್ ಮುಲುಗಿತು, ಬಿಳಿ ಹೊಗೆ ಬಿಟ್ಟಿತು, ಸುಮ್ಮನಾಯಿತು. ಎರಡನೆಯ ಸಲ ನನಗರಿವಿಲ್ಲದೆ ತುಟಿ ಅಲುಗಿತು: ನಮ್ಮ ದೊಡ್ಡತ್ತೆಗೂ ಚಿಕ್ಕತ್ತೆಗೂ ಮಾತಿರಲಿಲ್ಲ...

“ಏನ್ರೀ ಅದು? ಮಂತ್ರ ಹಾಕ್ತಿದ್ದಾರಾ?” ಎಂದರು ಪರೀಕ್ಷಕರು.

“ಏನಿಲ್ಲ ಸರ್, ಇಲ್ಲೊಂದು... ಹಳೇ ಪದ್ಧತಿ” ಎಂದ ಪ್ರಾಂಶುಪಾಲರು ನನ್ನತ್ತ ನೋಡಿ ಫಲಕ ತೋರಿಸಿದರು. ನಾನು ನೋಡದವಳಂತೆ ದೊಡ್ಡತ್ತೆಯನ್ನು ಬಸ್ಸು ಹತ್ತಿಸಿ, ಇಳಿಸಿ, ಕುಂಟಿಸಿ, ಬಾಗಿಲು ಬಡಿಸಿ ಚಾವಿ ತಿರುಗಿಸಿದೆ. ಎಂಜಿನ್ ನಾಲ್ಕು ಸಲ ಗುದ್ದಿತು, ಇನ್ನೇನು ಎದ್ದಿತು ಅನ್ನುವಾಗ ಮತ್ತೆ ಮಲಗಿತು.

ಉಳಿದದ್ದು ಒಂದೇ ಪ್ರಯತ್ನ. ಸೊರಗಿದ ಬ್ಯಾಟರಿಗೆ ಎಂಜಿನ್ನನ್ನು ಜೋರಾಗಿ ತಿರುಗಿಸುವ ಕಸುವಿಲ್ಲ. ಒಳಗೆ ಇನ್ನಷ್ಟು ಬಿಸಿ ಬೇಕು, ಅಂದರೆ ಕಥೆ ಇನ್ನಷ್ಟು ಉದ್ದ ಬೇಕು. ಮೇಷ್ಟ್ರ ಕಡೆ ನೋಡಿದೆ. ನೆರವು ನೀಡುವಂತಿಲ್ಲವೆಂದು ಅವರು ಕೈಗವಸಿಲ್ಲದ ಬಲಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮೊದಲಿಂದ ಶುರು ಮಾಡಿ ಬಾಗಿಲವರೆಗೂ ಬಂದು ನಿಂತೆ.

“ನೋಡಿ ಅಂದಳು...” ಎಂದೆ. ಮುಂದಿನದು ಗೊತ್ತಿರಲಿಲ್ಲ.

“ಹೇಳಮ್ಮ, ಹೇಳು! ನಿಲ್ಲಿಸಬೇಡ!” ಎಂದರು ‘ಮಾತು ನಿಷಿದ್ಧ’ ಬರೆಸಿದ ಪ್ರಾಂಶುಪಾಲರು.

ಬಾಯಿಗೆ ಬಂದದ್ದನ್ನು ಹೇಳಿದೆ: “‘ಒಂದೇ ಚಪ್ಪಲಿಲಿ ಬಂದಿದ್ದೀಯಲ್ಲ, ಇನ್ನೊಂದನ್ನೂ ನಾನೇ ಇಸ್ಕೊಂಡು ಹೋದೆ ಅಂತ ಬೀದೀಲೆಲ್ಲ ಹೇಳ್ಕೊಂಡು ಬಂದ್ಯಾ?’ ಅಂದಳು.”

“ಛೆ ಛೆ! ನಮ್ಮ ಚಿಕ್ಕತ್ತೆ ಹಾಗೆಲ್ಲ ಮಾತಾಡೋಳೇ ಅಲ್ಲ!” ಮೇಷ್ಟ್ರ ಕೈ ಬಾಯಿಂದ ಜಾರಿತ್ತು.

“ನೀವು ಸುಮ್ನಿರಿ, ಪರೀಕ್ಷೆ ನಿಮಗಲ್ಲ” ಎಂದು ಗದರಿದ ಪರೀಕ್ಷಕರು ನನ್ನ ಕಡೆ ಬಾಗಿ, “ನೀವು ಹೇಳಿ ತಾಯಿ. ಅದಕ್ಕೆ ಅಕ್ಕ ಏನಂದ್ರು?” ಎಂದರು.

“‘ಜಗಳ ಆಮೇಲಾಡು, ಕಾಲು ಮರಗಟ್ಟಿದೆ, ಮೊದ್ಲು ಒಳಗೆ ಬಿಡು’ ಅಂದಳು.”

“ಬಿಟ್ಟಳಾ?” ಎಂದರು ಪ್ರಾಂಶುಪಾಲರು.

ಚಾವಿ ತಿರುಗಿಸಿದೆ. ಒಂದು ಗುದ್ದು, ಎರಡು ಗುದ್ದು, ಒಂದು ದೊಡ್ಡ ಕೆಮ್ಮು, ಆಮೇಲೆ ಇಡೀ ಶೆಡ್ಡಿನ ತಗಡೆಲ್ಲ ಅದುರುವಂತೆ ಧಡಧಡಧಡ! ಯಾರು ಚಪ್ಪಾಳೆ ತಟ್ಟಿದರೋ ಕೇಳಿಸಲಿಲ್ಲ. ಪರೀಕ್ಷಕರು ಮಡ್‌ಗಾರ್ಡಿನ ಮೇಲೇರಿ ಕುಳಿತರು, ನಾನು ಗೇರು ಹಾಕಿ ಅಂಗಳಕ್ಕಿಳಿದೆ. ಟ್ರ್ಯಾಕ್ಟರ್ ಯಾಕೋ ಬಲು ಭಾರವಾಗಿ, ಒಲ್ಲದ ಮನಸ್ಸಿನಿಂದ ಸಾಗಿತು. ಮೇಷ್ಟ್ರು ಪಕ್ಕದಲ್ಲೇ ಓಡುತ್ತ ಏನೋ ಕೂಗುತ್ತಿದ್ದರು. ಪಾಪ, ಚಿಕ್ಕತ್ತೆಯ ಮಾನ ಉಳಿಸಲು ಅವಳು ಆಡಿದ ನಿಜವಾದ ಮಾತನ್ನು ಹೇಳುತ್ತಿದ್ದಾರೆಂದು ಬಗೆದು, ಆಮೇಲೆ ಕೇಳುತ್ತೇನೆ ಎಂಬಂತೆ ತಲೆಯಾಡಿಸುತ್ತ ಸುತ್ತು ಪೂರೈಸಿದೆ. ಎಂಜಿನ್ ನಿಲ್ಲಿಸಿ, “ಈಗ ಹೇಳಿ ಮೇಷ್ಟ್ರೇ, ಏನಂದಳಂತೆ?” ಎಂದೆ.

“ಯಾರು ಏನಂದ್ರೆ ನಂಗೇನಮ್ಮ!” ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. “ಹ್ಯಾಂಡ್‌ಬ್ರೇಕ್ ಬಿಡು, ಹ್ಯಾಂಡ್‌ಬ್ರೇಕ್ ಬಿಡು ಅಂತ ಅಂಗಳ ಪೂರ್ತಿ ಬಡ್ಕೊಂಡೆ!”

ಹಿಂದಿನ ಚಕ್ರಗಳ ಬಳಿ ಸುಟ್ಟ ವಾಸನೆ ಬರುತ್ತಿತ್ತು. ಪರೀಕ್ಷಕರು ಅದನ್ನು ಮೂಸಿದರು, ನನ್ನನ್ನೊಮ್ಮೆ ನೋಡಿದರು, ಬಲು ಹೊತ್ತು ಯೋಚಿಸಿ ಷರಾ ಬರೆದರು: ‘ಅಭ್ಯರ್ಥಿಯು ಯಂತ್ರವನ್ನು ಎಲ್ಲ ಅಡೆತಡೆಗಳ ನಡುವೆಯೂ ಓಡಿಸಬಲ್ಲರು. ಉತ್ತೀರ್ಣ.’

ಆ ಷರಾದ ಬಲದಿಂದ ನನಗೆ ಕೆಲಸ ಸಿಕ್ಕಿತು, ಕೆಲವು ವರ್ಷಗಳ ಚಾಲನೆಯ ಅನುಭವದ ಮೇಲೆ ಇದೇ ಕೇಂದ್ರದಲ್ಲಿ ಮೇಷ್ಟ್ರ ಕೈಕೆಳಗೆ ಸಹಬೋಧಕಿಯಾಗುವ ಭಾಗ್ಯವೂ ಒದಗಿತು. ಸೇರಿದ ದಿನವೇ ಪ್ರಾಂಶುಪಾಲರ ಕೋಣೆಗೆ ಕರೆ ಬಂತು. ಮೇಷ್ಟ್ರೂ ಅಲ್ಲಿದ್ದರು. ಪ್ರಾಂಶುಪಾಲರು ಬಾಗಿಲು ಮುಚ್ಚಿಸಿ, ದನಿ ತಗ್ಗಿಸಿ, “ಈಗಾದ್ರೂ ಹೇಳ್ರಿ, ನಿಮ್ಮ ಚಿಕ್ಕತ್ತೆ ನಿಜವಾಗ್ಲೂ ಏನಂದ್ರು?” ಎಂದು ಕೇಳಿದರು.

“ಏನೂ ಅನ್ನಲಿಲ್ಲ ಸರ್, ಪಟ್ ಅಂತ ಬಾಗಿಲು ಹಾಕ್ಕೊಂಡ್ರು” ಎಂದರು ಮೇಷ್ಟ್ರು. “ಪರೀಕ್ಷೆ ದಿನ ಈಯಮ್ಮ ಹೇಳಿದ್ದನ್ನ ಮನೆಗೆ ಹೋಗಿ ಅವರಿಗೆ ಹೇಳ್ದೆ. ‘ಅಯ್ಯೋ, ಎಂಥ ಒಳ್ಳೇ ಮಾತು, ಅವತ್ತು ನಂಗೆ ಹೊಳೀಲೇ ಇಲ್ವಲ್ಲೋ’ ಅಂತ ಪೇಚಾಡ್ಕೊಂಡ್ರು. ವಾರದೊಳಗೆ ಅಕ್ಕನ ಮನೆಗೆ ಹೋಗಿ ಆ ಮಾತು ಅಂದು ಬಂದ್ರು. ಈಗ ಇಬ್ಬರೂ ದಿನಾ ಮಾತಾಡ್ತಾರೆ. ಬರೀ ಜಗಳ, ಆದ್ರೂ ಮಾತು ಮಾತೇ.”

ಹೀಗೆ ಯಂತ್ರಗಳನ್ನೂ ನನ್ನಂಥ ಅವಸರದ ಮನುಷ್ಯರನ್ನೂ ಒಂದೇ ಸಹನೆಯಿಂದ ಕಾಯಿಸಿ ಎಬ್ಬಿಸಿದ ಗುರುಗಳು ಈಗ ಮನೆಯಲ್ಲಿದ್ದಾರೆ. ಬೀಳ್ಕೊಡುಗೆಯ ದಿನ ಅವರ ಶ್ರೀಮತಿಯವರು ನನ್ನನ್ನು ಪಕ್ಕಕ್ಕೆ ಕರೆದು, “ರಜೆ ಹಾಕಿ ಮನೇಲಿದ್ದ ವಾರದಿಂದ್ಲೇ ಶುರುವಾಗಿದೆ ಕಣಮ್ಮ, ಒಲೆ ಮುಂದೆ ನಿಂತು ಅದೇ ಕಥೆ. ಇವರ ಅತ್ತೆ ಬಸ್ಸಿಂದ ಇಳಿಯೋ ಹೊತ್ತಿಗೆ ನನ್ನ ಹಾಲು ಉಕ್ಕಿ ಹೋಗಿರುತ್ತೆ” ಎಂದು ದೂರಿದರು. ಆದಕಾರಣ ಮೇಷ್ಟ್ರಿಗೆ ದೀರ್ಘಾಯುಷ್ಯವೂ ಗಟ್ಟಿ ಮೊಣಕಾಲುಗಳೂ ಲಭಿಸಲಿ, ಅವರ ಬೋಧನೆ ನಿವೃತ್ತಿಯ ನಂತರವೂ ನಿಲ್ಲದಿರಲಿ, ಹಾಲು ಕಾಯುವಷ್ಟೇ ಉದ್ದದ ಒಂದು ಹೊಸ ಕಥೆ ಅವರಿಗೆ ಆದಷ್ಟು ಬೇಗ ಸಿಗಲಿ ಎಂದು ಯಂತ್ರಶಾಲೆಯ ನಾವೆಲ್ಲರೂ ಮನಸಾರೆ ಹಾರೈಸುತ್ತೇವೆ.